ಗೇಜ್ ಬೋರ್ಡ್ ನೋಡದೆ ಬರೆದ ಸುದ್ದಿ

ರಾಯಚೂರು ಜಿಲ್ಲೆಯ ಮಾನ್ವಿ ತಾಲ್ಲೂಕಿನಲ್ಲಿ ನಾನು ವರದಿಗಾರನಾಗಿ ಹದಿನಾರು ವರ್ಷ ಆಯಿತು. ಮೊದಲ ಐದಾರು ವರ್ಷ ನನ್ನಲ್ಲಿ ಪಕ್ಷಪಾತ ಇಲ್ಲ ಅಂತ ಗಟ್ಟಿಯಾಗಿ ನಂಬಿದ್ದೆ. ಯಾರ ಹತ್ತಿರವೂ ದುಡ್ಡು ಮುಟ್ಟಿರಲಿಲ್ಲ. ಪ್ರೆಸ್‌ಮೀಟ್‌ನಲ್ಲಿ ಕೊಡುವ ಕವರ್ ಅಲ್ಲೇ ಟೇಬಲ್ ಮೇಲೆ ಬಿಟ್ಟು ಬರುತ್ತಿದ್ದೆ. ಒಬ್ಬರ ಹೇಳಿಕೆ ಹಾಕಿದರೆ ಮರುದಿನ ಇನ್ನೊಬ್ಬರದ್ದೂ ಹಾಕುತ್ತಿದ್ದೆ. ಇಷ್ಟಿದ್ದರೆ ಸಾಕು ಅಲ್ವಾ ಅಂದುಕೊಂಡಿದ್ದೆ.

ಆ ನಂಬಿಕೆ ಮುರಿದದ್ದು ಕಾಲುವೆ ನೀರಿನ ಸುದ್ದಿಯಲ್ಲಿ. ತುಂಗಭದ್ರಾ ಎಡದಂಡೆ ಕಾಲುವೆ 227 ಕಿಲೋಮೀಟರ್ ಉದ್ದ ಇದೆ, ಆದರೆ ಇಲ್ಲಿನ ಮಾತು ಇವತ್ತಿಗೂ ಮೈಲಿನಲ್ಲೇ. 47ನೇ ಮೈಲ್, 69ನೇ ಮೈಲ್, 104ನೇ ಮೈಲ್ ಅಂದರೆ ಕಾಲುವೆಯ ಯಾವ ಜಾಗ ಅಂತ ನಮ್ಮ ಕಡೆ ಎಲ್ಲರಿಗೂ ಗೊತ್ತು. ಗಂಗಾವತಿ, ಕಾರಟಗಿ ಕಡೆ ಭತ್ತದ ಗದ್ದೆ ದಾಟಿ, ಪೈಪ್ ಹಾಕಿ ಎಳೆದುಕೊಳ್ಳುವವರನ್ನೆಲ್ಲ ದಾಟಿ ನೀರು ಕೆಳಗೆ ನಮ್ಮ ಕಡೆ ಬರುವಷ್ಟರಲ್ಲಿ ಸೊರಗಿರುತ್ತದೆ. ಡ್ಯಾಂನಲ್ಲೇ ಹೂಳು ತುಂಬಿ 133 ಟಿಎಂಸಿ ಹಿಡಿಯುವ ಜಾಗ 105ರ ಆಸುಪಾಸಿಗೆ ಬಂದಿದೆ. ಹಾಗಾಗಿ ಇಲ್ಲಿ ರಾಜಕೀಯ ಅಂದರೆ ಅರ್ಧ ನೀರೇ.

ಒಂದು ಸಲ ಆಡಳಿತ ಪಕ್ಷದ ಮುಖಂಡರು ಪ್ರೆಸ್‌ಮೀಟ್ ಮಾಡಿ ಕೊನೆ ಭಾಗಕ್ಕೆ ನೀರು ಮುಟ್ಟಿದೆ ಅಂದರು. ಸಂಜೆ ವಿರೋಧಿಗಳು ಒಂದು ಹನಿಯೂ ಬಂದಿಲ್ಲ ಅಂದರು. ನಾನು ಎರಡನ್ನೂ ಅಕ್ಕಪಕ್ಕ, ಸರಿಸಮ ಉದ್ದಕ್ಕೆ ಬರೆದು ಕಳಿಸಿದೆ. ಮರುದಿನ ಬಸ್‌ಸ್ಟ್ಯಾಂಡ್ ಹತ್ತಿರ ಚಹಾದಂಗಡಿಯಲ್ಲಿ ವಯಸ್ಸಾದ ರೈತರೊಬ್ಬರು ಪೇಪರ್ ಮಡಚಿ ನನ್ನ ಕೈಗೆ ಕೊಟ್ಟು, "ತಮ್ಮಾ, ಇಬ್ಬರೂ ಹೇಳಿದ್ದು ಬರದಿ. ನೀರು ಬಂದೈತೋ ಇಲ್ಲೋ ಅಂತ ನೀ ಯಾಕ ಬರೀಲಿಲ್ಲಪಾ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಬೈಕ್ ಇತ್ತು, ಪೆಟ್ರೋಲ್ ಇತ್ತು, ಮಧ್ಯಾಹ್ನ ಪೂರ್ತಿ ಖಾಲಿ ಇತ್ತು. ಆದರೂ ಹೋಗಿ ನೋಡಿರಲಿಲ್ಲ.

ಅವತ್ತೇ 104ನೇ ಮೈಲಿಗೆ ಹೋದೆ. ಗೋಡೆಗೆ ಅಡಿ, ಇಂಚು ಗುರುತು ಬರೆದ ಗೇಜ್ ಇತ್ತು. ನೀರು ನಾಲ್ಕನೇ ಅಡಿಯ ಗುರುತಿಗಿಂತ ಒಂದು ಗೇಣು ಕೆಳಗಿತ್ತು. ರೈತರು ಕೇಳುತ್ತಿದ್ದದ್ದು ಆರು ಅಡಿ. ಅಂದರೆ ಒಂದು ಹನಿಯೂ ಇಲ್ಲ ಅನ್ನುವುದೂ ಸುಳ್ಳು, ಮುಟ್ಟಿದೆ ಅನ್ನುವುದೂ ಸುಳ್ಳು. ಅಲ್ಲಿಂದ ಒಂದು ಉಪಕಾಲುವೆ ಹಿಡಿದು ಕೊನೆಯ ತನಕ ಹೋದೆ. ಕೊನೆಯ ತೂಬಿನ ಹತ್ತಿರ ಮಣ್ಣು ಬಿರುಕು ಬಿಟ್ಟಿತ್ತು. ಗೇಜ್ ಎಷ್ಟಿತ್ತು, ನೋಡಿದ್ದು ಎಷ್ಟು ಗಂಟೆಗೆ, ಯಾವ ತೂಬು, ಇಷ್ಟನ್ನೇ ಬರೆದೆ. ಎರಡೂ ಕಡೆಯವರು ಫೋನ್ ಮಾಡಿ ಬೈದರು.

ಅದಾದ ಮೇಲೆ ನನ್ನ ಹಳೇ ಸುದ್ದಿಗಳ ಮೇಲೆ ನನಗೇ ಅನುಮಾನ ಬಂತು. ಮೂರು ತಿಂಗಳ ಕಟಿಂಗ್ಸ್ ತೆಗೆದು, ಕೆಂಪು ಪೆನ್ನಿನಲ್ಲಿ ಬರೀ ಕ್ರಿಯಾಪದಗಳ ಕೆಳಗೆ ಗೆರೆ ಎಳೆಯುತ್ತಾ ಹೋದೆ. ಒಬ್ಬ ಮುಖಂಡರು ನನ್ನ ಸುದ್ದಿಯಲ್ಲಿ ಯಾವಾಗಲೂ "ಸ್ಪಷ್ಟಪಡಿಸಿದರು", "ಭರವಸೆ ನೀಡಿದರು", "ತಿರುಗೇಟು ನೀಡಿದರು". ಇನ್ನೊಬ್ಬರು "ಆರೋಪಿಸಿದರು", "ಹರಿಹಾಯ್ದರು", "ಸಮಜಾಯಿಷಿ ನೀಡಿದರು". ಇಬ್ಬರೂ ಮಾತಾಡಿದ್ದು ಒಂದೇ ದನಿಯಲ್ಲಿ, ನಾನು ಅಲ್ಲೇ ಕೂತು ಕೇಳಿದ್ದೆ. ಹೀಗೇಕೆ ಆಯಿತು ಅಂತ ತುಂಬಾ ದಿನ ಯೋಚಿಸಿದೆ. ಜಾತಿಯೂ ಅಲ್ಲ, ದುಡ್ಡೂ ಅಲ್ಲ. ಮೊದಲನೆಯವರು ರಾತ್ರಿ ಹತ್ತಕ್ಕೆ ಫೋನ್ ಮಾಡಿದರೂ ಎತ್ತುತ್ತಿದ್ದರು, "ಏನ್ರೀ, ಊಟ ಆಯ್ತಾ" ಅಂತ ಕೇಳುತ್ತಿದ್ದರು. ಎರಡನೆಯವರು ಎತ್ತುತ್ತಿರಲಿಲ್ಲ. ಅಷ್ಟೇ ಕಾರಣ. ನಾನು ವಾಲಿದ್ದು ನನಗೇ ಗೊತ್ತಾಗದ ಹಾಗೆ, ಒಂದು ಫೋನ್ ಕರೆಯ ಸಲಿಗೆಗೆ.

ಅವತ್ತಿನಿಂದ ಎಲ್ಲರಿಗೂ "ಹೇಳಿದರು" ಅಂತಲೇ ಬರೆಯುತ್ತೇನೆ. ಕಚೇರಿಯಲ್ಲಿ ಸುದ್ದಿ ತಿದ್ದುವ ಡೆಸ್ಕ್‌ನವರು ಹೆಡ್ಡಿಂಗ್‌ನಲ್ಲಿ "ಗುಡುಗು", "ಕಿಡಿ" ಅಂತ ಸೇರಿಸಿದರೆ ಬೆಳಿಗ್ಗೆಯೇ ಫೋನ್ ಮಾಡಿ ಕೇಳುತ್ತೇನೆ.

ಸಭೆಗೆ ಜನ ಎಷ್ಟು ಸೇರಿದ್ದರು ಅನ್ನುವುದರಲ್ಲೂ ಹೀಗೇ ಮೋಸ ಹೋಗುತ್ತಿದ್ದೆವು. "ಜನಸಾಗರ" ಅಂತ ಬರೆದುಬಿಟ್ಟರೆ ಯಾರೂ ಲೆಕ್ಕ ಕೇಳಲ್ಲ. ಈಗ ನಾನು ಸಭೆ ಶುರುವಾಗುವ ಮೊದಲು ಶಾಮಿಯಾನದವರ ಹತ್ತಿರ ಹೋಗಿ ಕುರ್ಚಿ ಎಷ್ಟು ಇಳಿಸಿದ್ದೀರಿ ಅಂತ ಕೇಳುತ್ತೇನೆ. ಅವರಿಗೆ ಬಾಡಿಗೆ ಬರುವುದು ಕುರ್ಚಿ ಲೆಕ್ಕದಲ್ಲಿ, ಹಾಗಾಗಿ ಸರಿಯಾಗಿಯೇ ಹೇಳುತ್ತಾರೆ. ಸಾಲು ಎಣಿಸಿ, ಹಿಂದೆ ಖಾಲಿ ಬಿದ್ದ ಕುರ್ಚಿ ಕಳೆದು, ನಿಂತವರನ್ನು ಅಂದಾಜು ಮಾಡಿದರೆ, ಮೈಕಿನಲ್ಲಿ 20 ಸಾವಿರ ಅಂತ ಕೂಗಿದ ಸಭೆಯಲ್ಲಿ ಮೂರು ಸಾವಿರ ಜನ ಇದ್ದದ್ದನ್ನು ಕಣ್ಣಾರೆ ನೋಡಿದ್ದೇನೆ.

ಇನ್ನು ಕಾಸಿನ ಸುದ್ದಿ, ಅಂದರೆ ದುಡ್ಡು ತೆಗೆದುಕೊಂಡು ಸುದ್ದಿಯ ಹಾಗೆ ಹಾಕುವ ಪ್ರಚಾರ. 2009ರ ಚುನಾವಣೆ ಆದಮೇಲೆ ಪೇಡ್ ನ್ಯೂಸ್ ಬಗ್ಗೆ ದೇಶದಲ್ಲೆಲ್ಲ ಗದ್ದಲ ಎದ್ದು, 2010ರಲ್ಲಿ ಪ್ರೆಸ್ ಕೌನ್ಸಿಲ್ ವರದಿ ಕೊಟ್ಟಿತು. ಈಗ ಚುನಾವಣೆ ಬಂದರೆ ಮಾಧ್ಯಮದ ಮೇಲೆ ಕಣ್ಣಿಡಲು ಜಿಲ್ಲೆಗೊಂದು ಎಂಸಿಎಂಸಿ ಸಮಿತಿ ಇರುತ್ತದೆ. ಕಾಸಿನ ಸುದ್ದಿ ಅಂತ ಸಾಬೀತಾದರೆ ಅದನ್ನು ಜಾಹೀರಾತಿನ ದರದಲ್ಲಿ ಲೆಕ್ಕ ಹಾಕಿ ಅಭ್ಯರ್ಥಿಯ ಖರ್ಚಿಗೆ ಸೇರಿಸುತ್ತಾರೆ. ವಿಧಾನಸಭೆಗಾದರೆ ಆ ಖರ್ಚಿನ ಮಿತಿ 40 ಲಕ್ಷ ರೂಪಾಯಿ. ಒಳ್ಳೆಯ ವ್ಯವಸ್ಥೆಯೇ. ಆದರೆ ತಾಲ್ಲೂಕಿನ ವರದಿಗಾರನ ಕಷ್ಟ ಚುನಾವಣೆ ಇಲ್ಲದ ದಿನಗಳದ್ದು. ನಮಗೆ ಸಿಗುವ ಗೌರವಧನ ಪೆಟ್ರೋಲಿಗೆ ಸಾಲುವುದಿಲ್ಲ, ಮನೆ ನಡೆಯುವುದು ಜಾಹೀರಾತಿನ ಕಮಿಷನ್ ಮೇಲೆ. ನಾಯಕರ ಹುಟ್ಟುಹಬ್ಬಕ್ಕೆ ಅರ್ಧ ಪುಟ ಶುಭಾಶಯ ಕೊಡಿ ಅಂತ ಬೆಳಿಗ್ಗೆ ಕೈಮುಗಿದು ಕೇಳಿದವನೇ ಸಂಜೆ ಅವರ ಊರಿನ ಕಳಪೆ ರಸ್ತೆ ಬಗ್ಗೆ ಬರೆಯಬೇಕು. ನಾನು ಮೊದಲು ಕೆಲಸ ಮಾಡುತ್ತಿದ್ದ ಪತ್ರಿಕೆಯಲ್ಲಿ ಒಂದು ಚುನಾವಣೆಗೆ, ಇಷ್ಟು ದುಡ್ಡಿಗೆ ಇಷ್ಟು ಸುದ್ದಿ ಅನ್ನುವ ಪ್ಯಾಕೇಜ್ ಮಾರಲು ಹೇಳಿದರು. ಬಿಟ್ಟು ಬಂದೆ. ಈಗಿನ ಕಡೆ ರಾಜಕೀಯದವರ ಜಾಹೀರಾತು ನಾನು ತರುವುದಿಲ್ಲ ಅಂತ ಸೇರುವಾಗಲೇ ಹೇಳಿದೆ. ಗೊಬ್ಬರದ ಅಂಗಡಿ, ಬಟ್ಟೆ ಅಂಗಡಿ, ಟ್ಯೂಷನ್‌ನವರದ್ದು ತರುತ್ತೇನೆ. ಆದಾಯ ಅರ್ಧಕ್ಕರ್ಧ ಕಡಿಮೆ ಆಯಿತು. ಮನೆಯಾಕೆ ಹೊಲಿಗೆ ಮಷಿನ್ ಇಟ್ಟುಕೊಂಡಿದ್ದರಿಂದ ಇದು ಸಾಧ್ಯವಾಯಿತು. ಹಾಗಾಗಿ ಬೇರೆ ದಾರಿ ಇಲ್ಲದೆ ಜಾಹೀರಾತು ತರುವ ಹುಡುಗರನ್ನು ನಾನು ಬೈಯುವುದಿಲ್ಲ. ಬೈಯಬೇಕಾದ್ದು ಅವರನ್ನು ಹಾಗೆ ದುಡಿಸಿಕೊಳ್ಳುವವರನ್ನು.

ಹೋದ ವರ್ಷ ಒಂದು ತಪ್ಪು ಮಾಡಿದೆ. ಬೆಳಿಗ್ಗೆ ಗೇಜ್ ನೋಡಿ, ನೀರು ಕಡಿಮೆ ಇದೆ ಅಂತ ಬರೆದು, ಸಮಯ ಹಾಕುವುದನ್ನು ಮರೆತೆ. ಅವತ್ತೇ ಮಧ್ಯಾಹ್ನ ನೀರು ಏರಿತ್ತು. ಮರುದಿನ ಪೇಪರ್ ನೋಡಿದ ಜನ ನಾನು ಸುಳ್ಳು ಬರೆದೆ ಅಂದರು. ಅವರು ಅಂದದ್ದು ಸರಿಯೇ. ತಕ್ಷಣ ಇನ್ನೊಮ್ಮೆ ಹೋಗಿ ನೋಡಿ, ತಪ್ಪು ಒಪ್ಪಿಕೊಂಡು ನಾಲ್ಕು ಸಾಲು ಕಳಿಸಿದೆ. ಸುದ್ದಿ ಬಂದದ್ದು ಮೊದಲ ಪುಟದಲ್ಲಿ, ತಿದ್ದುಪಡಿ ಬಂದದ್ದು ಏಳನೇ ಪುಟದ ಮೂಲೆಯಲ್ಲಿ. ತಪ್ಪು ಎಲ್ಲಿ ಬಂತೋ ತಿದ್ದುಪಡಿಯೂ ಅಲ್ಲೇ ಬರಬೇಕು ಅಂತ ಡೆಸ್ಕ್‌ನವರ ಜೊತೆ ಅವತ್ತಿನಿಂದ ಕೇಳುತ್ತಲೇ ಇದ್ದೇನೆ. ಇನ್ನೂ ಒಪ್ಪಿಲ್ಲ.