ಬ್ರಿಟನ್‌ನಲ್ಲಿ ಶ್ವಾಸಕೋಶದ ಕ್ಯಾನ್ಸರ್: ಮೊದಲು ನರ್ಸ್ ನಂಬರ್ ಸೇವ್ ಮಾಡಿಕೊಳ್ಳಿ

ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಗೆ ಗದಗ, ಹಾವೇರಿಯಿಂದ ಬರುವವರನ್ನು ನೋಡಿದ್ದೀರಲ್ಲ. ಪೇಷಂಟ್ ಒಬ್ಬರು, ಜೊತೆಗೆ ಮೂವರು. ಒಬ್ಬರ ಕೈಯಲ್ಲಿ ಫೈಲ್, ಇನ್ನೊಬ್ಬರು ಔಷಧಿ ಅಂಗಡಿಗೆ, ಮತ್ತೊಬ್ಬರು ಡಾಕ್ಟರ್ ಹಿಂದೆ. ಬ್ರಿಟನ್‌ನಲ್ಲಿ ಈ ಓಡಾಟದ ಬಹುಪಾಲು ಒಬ್ಬ ನರ್ಸ್ ಹೆಗಲ ಮೇಲಿರುತ್ತದೆ.

ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ಇವರಿಗೆ ಕ್ಲಿನಿಕಲ್ ನರ್ಸ್ ಸ್ಪೆಷಲಿಸ್ಟ್, ಅಂದರೆ ಸಿಎನ್‌ಎಸ್ ಎನ್ನುತ್ತಾರೆ. ಡಾಕ್ಟರುಗಳೆಲ್ಲ ಕೂತು ನಿಮ್ಮ ಕೇಸ್ ಚರ್ಚಿಸುವ ಎಂಡಿಟಿ ಮೀಟಿಂಗ್‌ನಲ್ಲಿ ಇವರೂ ಇರುತ್ತಾರೆ. ಡಾಕ್ಟರ್ ಅವಸರದಲ್ಲಿ ಹೇಳಿದ್ದನ್ನು ಆಮೇಲೆ ನಿಧಾನಕ್ಕೆ ಬಿಡಿಸಿ ಹೇಳುವವರೂ ಇವರೇ. ಫೋನ್ ನಂಬರ್ ಕೊಡದಿದ್ದರೆ ಕೇಳಿ ಪಡೆಯಿರಿ.

ನಮ್ಮವರಿಗೆ ಪೆಟ್ಟು ಬೀಳುವುದು ಒಂದು ಕಡೆ. ಬ್ರಿಟನ್‌ನಲ್ಲಿ ರೋಗದ ವಿಷಯವನ್ನು ಪೇಷಂಟಿಗೇ ನೇರವಾಗಿ ಹೇಳುತ್ತಾರೆ. ‘ಅಪ್ಪಗ ಹೇಳಬ್ಯಾಡ್ರಿ, ನನಗ ಹೇಳ್ರಿ’ ನಡೆಯುವುದಿಲ್ಲ. ಅಪ್ಪನೇ ‘ಮಗನ ಹತ್ತಿರ ಮಾತಾಡಿ’ ಎಂದರೆ ಸರಿ, ನರ್ಸ್ ಬರೆದಿಟ್ಟುಕೊಳ್ಳುತ್ತಾರೆ. ಇಂಗ್ಲಿಷ್ ಬಾರದಿದ್ದರೆ ಕನ್ನಡದ ದುಭಾಷಿ ಕೇಳಿ, ಅದಕ್ಕೆ ದುಡ್ಡು ಕೊಡಬೇಕಿಲ್ಲ. ಮಗನೇ ದುಭಾಷಿಯಾದರೆ ಅರ್ಧ ಮಾತು ನುಂಗುತ್ತಾನೆ, ಅಲ್ವಾ?

ಇನ್ನು ಯಾರು ಕೇಳಿದರೂ ‘ಆರಾಮ ಅದೀನ್ರಿ’ ಎನ್ನುವುದು ನಮ್ಮ ಅಭ್ಯಾಸ. ನರ್ಸ್ ಫೋನ್ ಮಾಡಿದಾಗ ಅಂಥ ಸಂಕೋಚ ಬೇಡ. ಮೆಟ್ಟಿಲು ಹತ್ತಿದರೆ ಏದುಸಿರು, ಒಗ್ಗರಣೆ ಘಾಟಿಗೆ ನಿಲ್ಲದ ಕೆಮ್ಮು, ಬಾಯಿ ಹುಣ್ಣಾಗಿ ಖಡಕ್ ರೊಟ್ಟಿ ಇಳಿಯುತ್ತಿಲ್ಲ, ರಾತ್ರಿ ಹೆದರಿಕೆ, ಎಲ್ಲ ಹೇಳಿ. ಇದಕ್ಕೆಂದೇ ‘ಹೋಲಿಸ್ಟಿಕ್ ನೀಡ್ಸ್ ಅಸೆಸ್‌ಮೆಂಟ್’ ಎಂಬ ಪ್ರಶ್ನೆಪಟ್ಟಿ ಇದೆ. ದುಡ್ಡಿನ ಚಿಂತೆಗೂ ಅದರಲ್ಲಿ ಜಾಗ ಉಂಟು. ಏದುಸಿರಿಗೆ ನರ್ಸ್ ಕಲಿಸುವ ಉಪಾಯ ಸರಳ: ಮುಂದೆ ಬಾಗಿ ಮೇಜಿಗೆ ಮೊಣಕೈ ಊರಿ, ಮೂಗಿನಿಂದ ಉಸಿರೆಳೆದು, ಸೀಟಿ ಹೊಡೆಯುವ ಹಾಗೆ ತುಟಿ ಮಾಡಿ ಮೆಲ್ಲಗೆ ಬಿಡುವುದು. ಕೈಯಲ್ಲಿ ಹಿಡಿಯುವ ಪುಟ್ಟ ಬ್ಯಾಟರಿ ಫ್ಯಾನ್ ಗಾಳಿ ಮುಖಕ್ಕೆ ಬಿದ್ದರೂ ಹಾಯೆನಿಸುತ್ತದೆ. ಸುಮ್ನೆ ಸಮಾಧಾನದ ಮಾತಲ್ಲ ಇದು.

ಜ್ವರದ ವಿಷಯ ಬೇರೆ. ಸಿಎನ್‌ಎಸ್ ಸಾಮಾನ್ಯವಾಗಿ ಆಫೀಸ್ ಹೊತ್ತಿನಲ್ಲಷ್ಟೇ ಸಿಗುತ್ತಾರೆ. ಕೀಮೋ ನಡೆಯುವಾಗ 24 ಗಂಟೆಯ ಬೇರೆ ನಂಬರ್ ಇರುವ ಕಾರ್ಡ್ ಕೊಡುತ್ತಾರೆ. ಜ್ವರ ಕಾರ್ಡಿನಲ್ಲಿ ಬರೆದ ಮಟ್ಟ ಮುಟ್ಟಿತೋ, ನಡುರಾತ್ರಿಯಾದರೂ ಫೋನ್ ಮಾಡಿ. ‘ಮೊದಲು ಒಂದು ಡೋಲೋ ನುಂಗಿ ನೋಡೋಣ’ ಎಂದರೆ ಜ್ವರ ಇಳಿದಂತೆ ಕಾಣುತ್ತದೆ, ಸೋಂಕು ಒಳಗೇ ಬೆಳೆಯುತ್ತದೆ. ಜೀವಕ್ಕೇ ಅಪಾಯ.

ದುಡ್ಡಿನ ಮಾತು. ಇಂಗ್ಲೆಂಡಿನಲ್ಲಿ ಜಿಪಿ (ನೀವು ಹೆಸರು ನೋಂದಾಯಿಸಿದ ಸ್ಥಳೀಯ ಡಾಕ್ಟರ್) ಹತ್ತಿರ ಎಫ್‌ಪಿ92ಎ ಫಾರ್ಮ್ ತುಂಬಿದರೆ 5 ವರ್ಷ ಪ್ರಿಸ್ಕ್ರಿಪ್ಷನ್ ಉಚಿತ. ಸರ್ಕಾರಿ ಭತ್ಯೆಗೆ ಅರ್ಜಿ ಹಾಕುವ ಮೊದಲು ಮಾತ್ರ ವೀಸಾದಲ್ಲಿ ‘ನೋ ರಿಕೋರ್ಸ್ ಟು ಪಬ್ಲಿಕ್ ಫಂಡ್ಸ್’ (ಸರ್ಕಾರಿ ಭತ್ಯೆ ಪಡೆಯುವಂತಿಲ್ಲ) ಎಂದಿದೆಯೇ ನೋಡಿ.

ವಿಸಿಟರ್ ವೀಸಾದಲ್ಲಿ ಬಂದ ಅಪ್ಪ ಅಮ್ಮನಿಗೆ ಆಸ್ಪತ್ರೆ ಚಿಕಿತ್ಸೆಗೆ ಎನ್‌ಎಚ್‌ಎಸ್ ದರದ 150% ಬಿಲ್ ಬರುತ್ತದೆ. ಪ್ರಯಾಣ ಮಾಡುವಷ್ಟು ಶಕ್ತಿ ಇದ್ದರೆ ಊರಿಗೆ ಮರಳಿ ಹುಬ್ಬಳ್ಳಿಯಲ್ಲೇ ಚಿಕಿತ್ಸೆ ಶುರು ಮಾಡುವುದು ಮೇಲು ಎಂಬುದು ನನ್ನ ಅಭಿಪ್ರಾಯ. ಹೊರಡುವ ಮೊದಲು ಸ್ಕ್ಯಾನ್, ಬಯಾಪ್ಸಿ ರಿಪೋರ್ಟ್ ಕೇಳಿ ತಗೊಳ್ಳಿ. ವಿಮಾನದಲ್ಲಿ ಆಕ್ಸಿಜನ್ ಬೇಕಾಗುತ್ತದೆಯೇ ಎಂದೂ ನರ್ಸ್ ಹತ್ತಿರವೇ ವಿಚಾರಿಸಿ, ಟಿಕೆಟ್ ಆಮೇಲೆ ಬುಕ್ ಮಾಡಿ.