ಮೊದಲ ಕೊಡದ ನೀರು

ಮುಂಬೈನ ಭಾಂಡುಪ್ ಕಡೆಯ ಗುಡ್ಡದ ಬಸ್ತಿಯೊಂದರಲ್ಲಿ (ಜೋಪಡಿಗಳ ಕೇರಿ) ಕಾಮಾಲೆ ಎದ್ದಾಗ ಎಲ್ಲರೂ ಬೆರಳು ತೋರಿಸಿದ್ದು ಒಂದು ಖಾನಾವಳಿಯ ಕಡೆಗೆ. ನಾನು ಪೈಪಿನ ಕಡೆಗೆ ತೋರಿಸಿದೆ. "ನೀರಿನ ರಿಪೋರ್ಟ್ ಪಾಸ್ ಆಗಿದೆ, ಸುಮ್ನೆ ಯಾಕೆ ಒದ್ದಾಡ್ತೀರಿ" ಅಂದವರೇ ಜಾಸ್ತಿ. ನನ್ನ ಜೊತೆ ಓದಿದ ಇಬ್ಬರು ಪಿಎಸ್‌ಎಂ (ಸಮುದಾಯ ಆರೋಗ್ಯ) ಡಾಕ್ಟರುಗಳೂ ನಂಬಲಿಲ್ಲ. ಕೊನೆಗೆ ಪೈಪೇ ಸಿಕ್ಕಿಬಿತ್ತು. ಹೇಗೆ ಅಂತ ಈಗ ತುಂಬ ಜನ ಕೇಳುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನಾನು ಸೋತ ಕಥೆ ಹೇಳಬೇಕು. ಅದಕ್ಕೂ ಮೂರು ವರ್ಷ ಹಿಂದೆ ಇನ್ನೊಂದು ಬಸ್ತಿಯಲ್ಲಿ ಇದೇ ಕಾಮಾಲೆ. ಕಾಯಿಲೆ ಬಿದ್ದವರ ಮನೆಗಳಿಗಷ್ಟೇ ಹೋದೆ. ಹತ್ತರಲ್ಲಿ ಎಂಟು ಜನ ಪಾನಿಪುರಿ ತಿಂದಿದ್ದೆವು ಅಂದರು. ಹಾಗೇ ಬರೆದುಕೊಟ್ಟೆ. ಗಾಡಿ ಎತ್ತಿಸಿದರು. ಕೇಸು ಮಾತ್ರ ನಿಲ್ಲಲಿಲ್ಲ, ಇನ್ನೂ ಮೂರು ವಾರ ಬರುತ್ತಲೇ ಇದ್ದವು. ಆಮೇಲೆ ನೋಡಿದರೆ ಆ ಬಸ್ತಿಯಲ್ಲಿ ಆರೋಗ್ಯವಾಗಿರುವವರೂ ಹತ್ತಕ್ಕೆ ಎಂಟು ಜನ ಪಾನಿಪುರಿ ತಿನ್ನುವವರೇ. ಅವರನ್ನು ನಾನು ಕೇಳಿಯೇ ಇರಲಿಲ್ಲ. ಗಾಡಿಯವನು ಗಾಡಿ ಮಾರಿ ಊರಿಗೆ ಹೋಗಿಬಿಟ್ಟನಂತೆ. ಆ ತನಿಖೆಗೆ ಕೈಯಿಂದ ಹೋದ ಒಂಬತ್ತು ಸಾವಿರ ಮರೆತಿದ್ದೇನೆ, ಆ ಮನುಷ್ಯನನ್ನು ಮರೆತಿಲ್ಲ.

ಹಾಗಾಗಿ ಖಾನಾವಳಿಯ ಹೆಸರು ಕೇಳಿದಾಗ ಮೊದಲು ಅಲ್ಲಿಗೇ ಹೋದೆ. ನಡೆಸುವವರು ಕಲಬುರಗಿ ಕಡೆಯ ಅಕ್ಕ. ಜೋಳದ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಚಟ್ನಿ. ಕಟ್ಟಡ ಕೆಲಸಕ್ಕೆ ಬಂದ ನಮ್ಮ ಊರುಗಳ ಹುಡುಗರೆಲ್ಲ ಅಲ್ಲೇ ಉಣ್ಣುವುದು. ಶಟರ್ ಅರ್ಧ ಎಳೆದು ಒಲೆ ಆರಿಸಿ ಕೂತಿದ್ದರು. "ಡಾಕ್ಟರ್ ಸಾಹೇಬ್ರ, ಹದಿನೆಂಟು ವರ್ಷ ಆತು ರೊಟ್ಟಿ ಬಡೀತೀನಿ, ಒಬ್ಬರ ಹೊಟ್ಟಿ ಕೆಟ್ಟಿಲ್ರಿ" ಅಂದರು. ಅದು ಸಾಕ್ಷಿಯಾಗುವುದಿಲ್ಲ. ಆದರೆ ಅವರ ಕಣ್ಣಲ್ಲಿ ನೀರಿತ್ತು, ನಾನು ಅಲ್ಲಿಂದ ನೇರ ಗಲ್ಲಿಗೆ ಹೋದೆ.

ಈ ಸಲ 42 ಕೇಸುಗಳ ಜೊತೆ ಕಾಯಿಲೆ ಇಲ್ಲದ 80 ಜನರನ್ನೂ ಹಿಡಿದೆ. ಕೇಸುಗಳಲ್ಲಿ 19 ಜನ ಖಾನಾವಳಿಯಲ್ಲಿ ಉಂಡವರು. ಆರೋಗ್ಯವಾಗಿರುವ 80ರಲ್ಲಿ 36. ಎರಡೂ ಕಡೆ ನೂರಕ್ಕೆ 45. ಅಲ್ಲಿಗೆ ರೊಟ್ಟಿ ಕೇಸಿನಿಂದ ಹೊರಗೆ.

ಇನ್ನೊಂದು ತಪ್ಪು ಎಲ್ಲರೂ ಮಾಡಿದ್ದರು. ಹೋದ ವಾರ ಏನು ತಿಂದಿರಿ ಅಂತ ಕೇಳಿದ್ದರು. ಆರು ಜನರ ರಕ್ತ ಕಳಿಸಿದ್ದೆ, ಐದರಲ್ಲಿ ಹೆಪಟೈಟಿಸ್ ಇ ಐಜಿಎಂ ಬಂತು, ಅಂದರೆ ನೀರಿನಿಂದ ಹರಡುವ ಕಾಮಾಲೆಯ ವೈರಸ್ ಹೊಸದಾಗಿ ಹೊಕ್ಕ ಗುರುತು. ಅದು ಒಳಹೊಕ್ಕು ಕಾಣಿಸಿಕೊಳ್ಳಲು 15ರಿಂದ 60 ದಿನ ಬೇಕು. ಹೋದ ವಾರದ ಊಟಕ್ಕೂ ಇದಕ್ಕೂ ಏನು ಸಂಬಂಧ? ಕೇಸು ಏರಿದ್ದು ಗಣಪತಿ ಹೊತ್ತಿಗೆ. ಆರು ವಾರ ಹಿಂದಕ್ಕೆ ಎಣಿಸಿದರೆ ಜುಲೈ ನಡುವಿನ ಆ ದೊಡ್ಡ ಮಳೆ. ತಾರೀಕು ಕೇಳಿದರೆ ಯಾರಿಗೂ ನೆನಪಿರುವುದಿಲ್ಲ. "ಗಟಾರ ಮನೆಯೊಳಗೆ ನುಗ್ಗಿದ ದಿನ" ಅಂತ ಕೇಳಿದರೆ ಹೆಂಗಸರು ಗಂಟೆ ಸಮೇತ ಹೇಳುತ್ತಾರೆ.

ಕೇಸುಗಳ ಮ್ಯಾಪನ್ನು ಮನೆ ನಂಬರಿನ ಮೇಲೆ ಹಾಕಬೇಡಿ. ನಾನು ಎರಡು ದಿನ ಹಾಗೆ ಹಾಕಿ, ಏನೂ ಕಾಣದೆ ಹರಿದುಹಾಕಿದೆ. ಮೂರನೇ ದಿನ ಯಾವ ಪೈಪು ಯಾರ ಮನೆಗೆ ಅಂತ ಹಿಡಿದು ಹಾಕಿದೆ. ಗುಡ್ಡದ ಬಸ್ತಿಗಳ ಸ್ಥಿತಿ ಗೊತ್ತಲ್ವಾ, ಅರ್ಧ ಇಂಚಿನ ಪೈಪುಗಳು ಕಂತೆಯಾಗಿ ಗಟಾರದೊಳಗೇ ಹೋಗುತ್ತವೆ. ಎದುರುಬದುರು ಮನೆಗಳಿಗೆ ಬೇರೆ ಬೇರೆ ಕಂತೆ. 42ರಲ್ಲಿ 35 ಕೇಸು ಒಂದೇ ಕಂತೆಯ ಮೇಲೆ. ಆರೋಗ್ಯವಾಗಿರುವವರಲ್ಲಿ ಆ ಕಂತೆಯವರು ಬರೀ 14. ಆಡ್ಸ್ ರೇಶಿಯೋ 23ರ ಮೇಲೆ ಬಂತು, ನಂಟೇ ಇಲ್ಲದಿದ್ದರೆ ಅದು 1ರ ಆಸುಪಾಸು ಇರುತ್ತದೆ. ಉಳಿದ ಏಳರಲ್ಲಿ ಮೂರು ಮಕ್ಕಳು ಆ ಕಂತೆಯ ಮನೆಗಳಲ್ಲೇ ಆಡಿ ನೀರು ಕುಡಿದವರು. ನಾಲ್ಕು ಬಗೆಹರಿಯಲಿಲ್ಲ.

ಆದರೂ ನೀರಿನ ರಿಪೋರ್ಟ್ ಪಾಸ್! ಎರಡು ಕಾರಣ. ಒಂದು, ಆ ರಿಪೋರ್ಟ್ ನೋಡುವುದು ಬ್ಯಾಕ್ಟೀರಿಯಾವನ್ನು, ಕಾಮಾಲೆಯ ವೈರಸ್ಸನ್ನಲ್ಲ. 1955-56ರಲ್ಲಿ ದೆಹಲಿಯಲ್ಲಿ ಯಮುನೆಗೆ ಕೊಳಚೆ ಸೇರಿದಾಗ ಕ್ಲೋರಿನ್ ಜಾಸ್ತಿ ಹಾಕಿದರು, ಟೈಫಾಯ್ಡ್ ಏರಲಿಲ್ಲ, ಕಾಮಾಲೆ ಮಾತ್ರ 29,000 ಜನಕ್ಕೆ ಬಂತು. ಎರಡನೆಯದು, ಸ್ಯಾಂಪಲ್ ತೆಗೆದ ಹೊತ್ತು. ಅಲ್ಲಿ ನೀರು ಬೆಳಗಿನ ಐದಕ್ಕೆ ಬಂದು ಆರೂವರೆಗೆ ಹೋಗುತ್ತದೆ. ಸ್ಯಾಂಪಲ್ ತೆಗೆದದ್ದು ಆರರ ಮೇಲೆ. ನೀರು ನಿಂತ ಇಪ್ಪತ್ತೆರಡೂವರೆ ಗಂಟೆ ಖಾಲಿ ಪೈಪು ಗಟಾರದಲ್ಲಿ ಮುಳುಗಿರುತ್ತದೆ. ಮೇಲಿನ ಮನೆಯವರು ಮೋಟಾರ್ ಹಚ್ಚಿದರಂತೂ ಸಣ್ಣ ತೂತಿನಿಂದಲೂ ಒಳಗೆ ಎಳೆಯುತ್ತದೆ. ಆ ಕೊಳೆ ಬರುವುದು ಮೊದಲ ಕೊಡದಲ್ಲಿ. ದಿನವಿಡೀ ಬರದ ನೀರಿನಲ್ಲಿ ಶುರುವಿನದೇ ಕೆಟ್ಟದ್ದು ಅನ್ನುವುದನ್ನು ನಮ್ಮ ಹುಬ್ಬಳ್ಳಿ-ಧಾರವಾಡದ ನಳಗಳಲ್ಲಿ ಅಳೆದವರೂ ಕಂಡಿದ್ದಾರೆ.

ನಾಲ್ಕೂವರೆಗೇ ಹೋಗಿ ನಳದ ಬಾಯಲ್ಲಿ ಕೂತೆ. ಮೊದಲು ಉಸ್ ಅಂತ ಗಾಳಿ, ಆಮೇಲೆ ನೀರು. ಮೊದಲ ಕೊಡಕ್ಕೆ ಓಟಿ (ಕ್ಲೋರಿನ್ ಇದ್ದರೆ ನೀರನ್ನು ಹಳದಿ ಮಾಡುವ ದ್ರಾವಣ) ಹಾಕಿದರೆ ಹಳದಿಯ ಸುಳಿವೇ ಇಲ್ಲ. ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಅಳತೆ) 190. ಹತ್ತನೇ ಕೊಡಕ್ಕೆ ಚೆನ್ನಾಗಿ ಹಳದಿ, ಟಿಡಿಎಸ್ 78. ಮುಂಬೈಗೆ ಬರುವುದು ಭಾತ್ಸಾ, ವೈತರಣಾ, ತಾನ್ಸಾದ ಸಿಹಿನೀರು, ಅದರ ಟಿಡಿಎಸ್ ಕಡಿಮೆ. ಅದಕ್ಕೇ ಇಲ್ಲಿ ಮುನ್ನೂರು ರೂಪಾಯಿಯ ಮೀಟರ್ ಕೂಡ ಗಟಾರವನ್ನು ಹಿಡಿದುಕೊಡುತ್ತದೆ. ಬೋರ್ ನೀರಿನ ಊರಿನಲ್ಲಿ ಈ ಆಟ ನಡೆಯಲ್ಲ.

ಎಚ್‌ಟುಎಸ್ ಬಾಟಲಿಯಲ್ಲಿ (ನೀರಿನಲ್ಲಿ ಮಲದ ಬ್ಯಾಕ್ಟೀರಿಯಾ ಇದ್ದರೆ ಕಪ್ಪಾಗುವ ಬಾಟಲಿ) ಮಾತ್ರ ಮೋಸ ಹೋದೆ. ನಲವತ್ತು ಬಾಟಲಿ, ಒಂದಕ್ಕೆ ಸುಮಾರು 40 ರೂಪಾಯಿ. ಎಲ್ಲವೂ ಕಪ್ಪಾದವು. ನಾನು ಖುಷಿಪಟ್ಟೆ. ಆಮೇಲೆ ನೋಡಿದರೆ ಕುದಿಸಿದ ನೀರು ಹಾಕಿದ ಬಾಟಲಿಯೂ ಕಪ್ಪು! ಅವಧಿ ಮುಗಿದ ಮಾಲು. 1,600 ರೂಪಾಯಿ ಹೋಯಿತು. ಗಟಾರಕ್ಕೆ ಹೋಳಿ ಬಣ್ಣ ಸುರಿದದ್ದೂ ದಂಡ. ಕರಿ ನೀರಿನಲ್ಲಿ ಯಾವ ಬಣ್ಣ ಕಾಣುತ್ತದೆ?

ಆಗ ಹೊಳೆದದ್ದು ಉಪ್ಪು. ನೀರು ನಿಂತ ಮೇಲೆ ಗಟಾರಕ್ಕೆ ಮರಳುಚೀಲ ಅಡ್ಡ ಇಟ್ಟು, ಹತ್ತು ಕಿಲೋ ಕಲ್ಲುಪ್ಪು ಸುರಿದೆವು. ಮರುದಿನ ಮೊದಲ ನೀರು ಯಾರೂ ಕುಡಿಯಬಾರದು ಅಂತ ಮನೆ ಮನೆಗೂ ಹೇಳಿ ಬಂದಿದ್ದೆ. ಬೆಳಿಗ್ಗೆ ಮೊದಲ ಕೊಡ 640 ತೋರಿಸಿತು! ಪಕ್ಕದ ಕಂತೆಯಲ್ಲಿ ಅದೇ 80. ಜಾಗ ಬದಲಿಸಿ ಇನ್ನೊಂದು ಸಲ ಸುರಿದಾಗ ತೂತು ಯಾವ ಹತ್ತು ಅಡಿಯಲ್ಲಿದೆ ಅಂತಲೂ ಗೊತ್ತಾಯಿತು. ಉಪ್ಪನ್ನು ಎಷ್ಟು ಹೊತ್ತಿಗೆ, ಯಾವುದರ ಜೊತೆ ಕಲಸಿ ಹಾಕಬೇಕು ಅನ್ನುವುದರಲ್ಲಿ ಒಂದು ಗುಟ್ಟಿದೆ. ಅದು ನನ್ನ ಹತ್ತಿರವೇ ಇರಲಿ. ಅಗೆದು ನೋಡಿದರೆ ತುಕ್ಕು ಹಿಡಿದ ಜಾಯಿಂಟ್, ಅದಕ್ಕೆ ಸೈಕಲ್ ಟ್ಯೂಬ್ ಸುತ್ತಿದ್ದರು.

ಒಟ್ಟು ಖರ್ಚು 12-13 ಸಾವಿರ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಐಜಿಎಂಗೇ ಹೋಯಿತು.

ಇದರ ನಡುವೆ ಒಂದು ಗಮನಿಸಿದೆ. ಅದೇ ಕಂತೆಯಲ್ಲಿದ್ದರೂ ಕೆಲವು ಮನೆಗಳಲ್ಲಿ ಯಾರಿಗೂ ಏನೂ ಆಗಿರಲಿಲ್ಲ. ಕೇಳಿದರೆ, ಮೊದಲ ಕೊಡ ಮೋರಿ ತೊಳೆಯಲು, ಆಮೇಲಿನದು ಕುಡಿಯಲು ಅಂದರು. ಅಂಥ ಮನೆ ಒಂಬತ್ತೇ ಸಿಕ್ಕವು, ಲೆಕ್ಕಕ್ಕೆ ಸಾಲದು. ಮುಂದಿನ ಸಲ ಇದನ್ನೇ ಪ್ರಶ್ನೆಯಾಗಿ ಸೇರಿಸುತ್ತೇನೆ.

ಇನ್ನೊಂದು ಪ್ರಯೋಗ ನಮ್ಮ ಕನ್ನಡ ಸಂಘದ ಕಾರ್ಯಕ್ರಮದಲ್ಲಿ ಮಾಡಿದೆ. ಹಿಂದೊಮ್ಮೆ ಅಲ್ಲಿ ಚಿತ್ರಾನ್ನ ಉಂಡ ಎರಡು-ಮೂರು ಗಂಟೆಯಲ್ಲಿ ವಾಂತಿ ಶುರುವಾಗಿತ್ತು. ಅಷ್ಟು ಬೇಗ ಅಂದರೆ ಸ್ಟ್ಯಾಫ್ ಅಥವಾ ಬ್ಯಾಸಿಲಸ್ ಸಿರಿಯಸ್ ಅನ್ನುವ ಬ್ಯಾಕ್ಟೀರಿಯಾದ ವಿಷ. ಈ ಸಲ ದೊಡ್ಡ ಪಾತ್ರೆಯ ಅನ್ನದ ನಡುವೆ ಥರ್ಮಾಮೀಟರ್ ಚುಚ್ಚಿಟ್ಟೆ. ಐದು ಗಂಟೆಯಾದರೂ ಒಳಗೆ 45 ಡಿಗ್ರಿ, ಅವು ಬೆಳೆಯಬಲ್ಲ ಬಿಸಿ. ಅದೇ ಅನ್ನವನ್ನು ಪರಾತದಲ್ಲಿ ಹರವಿದರೆ ಮುಕ್ಕಾಲು ಗಂಟೆಯಲ್ಲಿ ಆರಿತು. ಅಡುಗೆ ಭಟ್ಟರಿಗೆ ಇದನ್ನು ಕಣ್ಣಾರೆ ತೋರಿಸಿದೆ. ಈಗ ಅವರೇ ಹರವುತ್ತಾರೆ.

ಬಸ್ತಿಗೆ ವಾಪಸ್ ಬರುತ್ತೇನೆ. ಆ ಕಂತೆಯಲ್ಲಿ ಏಳು ತಿಂಗಳ ಬಸುರಿ ಒಬ್ಬಳಿದ್ದಳು. ಹೆಪಟೈಟಿಸ್ ಇ ಕೊನೆಯ ಮೂರು ತಿಂಗಳಲ್ಲಿ ಬಂದರೆ ನೂರಕ್ಕೆ 20-25 ಜನರವರೆಗೂ ಉಳಿಯದೆ ಹೋಗಬಹುದು. ಕಂತೆ ಗೊತ್ತಾದ ದಿನವೇ ಅವಳನ್ನು ತಂಗಿಯ ಮನೆಗೆ ಕಳಿಸಿದೆವು. ಹೆರಿಗೆ ಚೆನ್ನಾಗಿ ಆಯಿತು, ಹೆಣ್ಣು ಮಗು. ಪೈಪುಗಳನ್ನು ಗಟಾರದಿಂದ ಎತ್ತಿ ಗೋಡೆಗೆ ಕ್ಲಿಪ್ ಹೊಡೆಸಿದರು. ಎಲ್ಲರಿಗೂ ಕುದಿಸಿ ಕುಡಿಯಲು ಹೇಳಿದ್ದೆವು. ಆಗಲೇ ಸೋಂಕು ಹೊಕ್ಕವರ ಕೇಸು ಇನ್ನೂ ಐದು ವಾರ ಬಂದವು, ಆಮೇಲೆ ನಿಂತವು. ಅಕ್ಕನ ಶಟರ್ ಮಾತ್ರ ಮೂರನೇ ದಿನವೇ ಪೂರ್ತಿ ಮೇಲೆ ಹೋಗಿತ್ತು.

ಈಗ ಪ್ರತಿ ಜೂನಿನಲ್ಲಿ ಒಂದು ಬೆಳಿಗ್ಗೆ ಮೀಟರ್ ಹಿಡಿದು ಹೋಗಿ ಬರುತ್ತೇನೆ. ಹೋದ ಸಲ ಮೊದಲ ಕೊಡ 84, ಹತ್ತನೇ ಕೊಡ 76.