ಬಿಸಿಲು ಬಾರದ ಮನೆಯಲ್ಲಿ ಗಿಡ ಸಾಕಿದ್ದು

ಬೆಂಗಳೂರಿನ ಈ ನೆಲಮಹಡಿಯ ಮನೆಗೆ ಬಂದಾಗ ಹೊಸ ಪ್ಲೈವುಡ್ ಕಪಾಟುಗಳ ಘಾಟಿಗೆ ಕಣ್ಣು ಉರಿಯುತ್ತಿತ್ತು. ಪ್ಲೈವುಡ್ಡಿನ ಅಂಟಿನಿಂದ ಹೊರಡುವ ಫಾರ್ಮಾಲ್ಡಿಹೈಡ್ ಅನಿಲ ಹಾಗೆ ಮಾಡುತ್ತದೆ. ಗಿಡಗಳು ಅದನ್ನು ಹೀರುತ್ತವೆ ಎಂದು ಕೇಳಿ, ಲಾಲ್‌ಬಾಗ್ ಪಕ್ಕದ ಸಿದ್ದಾಪುರದ ನರ್ಸರಿಗಳನ್ನು ಸುತ್ತಿ ಒಂದೇ ದಿನ ಆರು ಕುಂಡ ತಂದೆ: ಎರಡು ಸ್ನೇಕ್ ಪ್ಲಾಂಟ್, ಎರಡು ಮನಿ ಪ್ಲಾಂಟ್, ಒಂದು ಝೀಝೀ, ಒಂದು ಪೀಸ್ ಲಿಲಿ.

ಘಾಟು ಹೋದದ್ದು ಗಿಡಗಳಿಂದಲ್ಲ. ಎರಡು ತಿಂಗಳು ಕಪಾಟಿನ ಬಾಗಿಲು, ಮನೆಯ ಕಿಟಕಿ ಎಲ್ಲವನ್ನೂ ತೆರೆದಿಟ್ಟದ್ದರಿಂದ. 1989ರ ನಾಸಾ ಪ್ರಯೋಗದಲ್ಲಿ ಗಿಡಗಳು ಗಾಳಿಯನ್ನು ಶುದ್ಧ ಮಾಡಿದ್ದು ನಿಜ, ಆದರೆ ಅದು ಬಿಗಿಯಾಗಿ ಮುಚ್ಚಿದ ಪುಟ್ಟ ಪೆಟ್ಟಿಗೆಗಳೊಳಗೆ. ಕಟ್ಟಡದಲ್ಲಿ ತಾನಾಗಿ ಆಡುವ ಗಾಳಿಯಷ್ಟು ಕೆಲಸವನ್ನು ಗಿಡಗಳು ಮಾಡಬೇಕಾದರೆ ಪ್ರತಿ ಚದರ ಮೀಟರಿಗೆ 10ರಿಂದ 1,000 ಗಿಡ ಬೇಕೆಂದು ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಲೆಕ್ಕ ಹಾಕಿದರು. ನನ್ನ ಹಾಲ್‌ನಲ್ಲಿ ಅಷ್ಟಿಟ್ಟರೆ ಕೂರಲು ಜಾಗವಿರುವುದಿಲ್ಲ. ಗಾಳಿಗಾಗಿ ಗಿಡ ತರುವವರಿಗೆ ಮೊದಲು ಕಿಟಕಿ ತೆರೆಯಿರಿ ಎಂದೇ ಹೇಳುತ್ತೇನೆ.

ಅಷ್ಟರಲ್ಲಿ ಗಿಡಗಳ ಮೇಲೆ ಮನಸ್ಸು ಕೂತಿತ್ತು. ಮೊದಲು ಕೈತಪ್ಪಿದ್ದು ಝೀಝೀ. ಅಂಗಳದ ಗಿಡಗಳಿಗೆ ಹಾಕುವಂತೆ ದಿನವೂ ಒಂದು ಚೊಂಬು ನೀರು ಹಾಕಿದೆ. ದಂಟುಗಳು ಹಳದಿಯಾಗಿ ಒಂದೊಂದೇ ವಾಲಿದವು. ಕುಂಡ ಮಗುಚಿ ನೋಡಿದರೆ, ಆಲೂಗಡ್ಡೆಯಂತಿರಬೇಕಾದ ಗೆಡ್ಡೆಗಳು ಬೆರಳೊತ್ತಿದರೆ ಪಿಚಕ್ಕನೆ ಒಡೆದು ಕೊಳೆತ ನಾತ ಬಂತು. ಪೂರ್ವ ಆಫ್ರಿಕಾದ ಈ ಗಿಡ ಒಣಕಾಲಕ್ಕೆಂದು ಆ ಗೆಡ್ಡೆಗಳಲ್ಲೇ ನೀರು ಕೂಡಿಟ್ಟುಕೊಳ್ಳುತ್ತದೆ. ಬೆಳಕು ಕಡಿಮೆಯಿದ್ದಲ್ಲಿ ಅದು ನೀರು ಕುಡಿಯುವುದೂ ನಿಧಾನ. ನಾನು ಅದನ್ನು ಮುಳುಗಿಸಿದ್ದೆ.

ಗಟ್ಟಿಯಾಗಿ ಉಳಿದಿದ್ದ ಒಂದೇ ಗೆಡ್ಡೆಯನ್ನು ಎರಡು ದಿನ ಒಣಗಿಸಿ, ಮಣ್ಣು, ತೆಂಗಿನ ನಾರಿನ ಪುಡಿ, ದಪ್ಪ ಮರಳನ್ನು ಸಮಸಮ ಬೆರೆಸಿ ನೆಟ್ಟೆ. ಈಗ ಝೀಝೀಗೂ ಸ್ನೇಕ್ ಪ್ಲಾಂಟಿಗೂ ಮಣ್ಣು ಆಳದವರೆಗೆ ಒಣಗಿದ ಮೇಲೆಯೇ ನೀರು. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಸಾಕು. ಮನಿ ಪ್ಲಾಂಟಿಗೆ ಮಣ್ಣಿನಲ್ಲಿ ಎರಡು ಗೆಣ್ಣು ಬೆರಳಿಳಿಸಿ, ಒಣಗಿದ್ದರೆ ಹಾಕುತ್ತೇನೆ. ಪೀಸ್ ಲಿಲಿ ತಾನೇ ಕೇಳುತ್ತದೆ: ಬೆಳಿಗ್ಗೆ ಎಲೆಗಳನ್ನೆಲ್ಲ ಇಳಿಬಿಟ್ಟು ಸೊರಗಿದ್ದು, ನೀರು ಕಂಡ ಮೇಲೆ ಸಂಜೆಯೊಳಗೆ ಎದ್ದು ನಿಲ್ಲುತ್ತದೆ.

ಕಡಿಮೆ ಬೆಳಕು ಎಂದರೆ ಕತ್ತಲೆಯಲ್ಲ. ಮಧ್ಯಾಹ್ನ ದೀಪವಿಲ್ಲದೆ ಪತ್ರಿಕೆ ಓದಲಾಗದ ಮೂಲೆಯಲ್ಲಿ ನಾನು ಯಾವ ಕುಂಡವನ್ನೂ ಇಡುವುದಿಲ್ಲ. ವಾರಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಎಲೆ ಒರೆಸುತ್ತೇನೆ. ರಸ್ತೆಯ ಧೂಳು ಬಟ್ಟೆಯನ್ನು ಕಪ್ಪಾಗಿಸುತ್ತದೆ. ಎಲೆಗೆ ಸಿಗುವ ಅಷ್ಟಿಷ್ಟು ಬೆಳಕನ್ನೂ ಆ ಧೂಳು ತಡೆಯುತ್ತದೆ.

ಮಕ್ಕಳು, ಬೆಕ್ಕು ಇರುವ ಮನೆಯವರು ಈ ನಾಲ್ಕೂ ಬಗೆಯ ಗಿಡಗಳನ್ನು ಎತ್ತರದಲ್ಲಿಡಿ. ಅಗಿದರೆ ಬಾಯಿ, ಗಂಟಲು ಉರಿದು ಹೊಟ್ಟೆ ಕೆಡುತ್ತದೆ.

ಆ ಒಂದೇ ಗೆಡ್ಡೆ ಐದು ತಿಂಗಳು ಸುಮ್ಮನಿತ್ತು. ಕಳೆದ ವಾರ ಮಣ್ಣು ಸೀಳಿ ತಿಳಿಹಸಿರು ಮೊಳಕೆಯೊಂದು ಹೊರಬಂದಿದೆ, ಎಲೆಗಳನ್ನು ಇನ್ನೂ ಬಿಗಿಯಾಗಿ ಸುತ್ತಿಕೊಂಡೇ.